ರಂಜಕದ ಖಾರವೆಷ್ಟು?

ನಮ್ಮ ಮನೆಯ ಅಡುಗೆಮನೆಯ ಗೂಡಿನಲ್ಲಿ ಒಂದು ಪಿಂಗಾಣಿಯ ಭರಣಿ ಇದೆ. ಅದರೊಳಗಿರುವುದು ರಂಜಕ. ಧಾರವಾಡ, ಹಾವೇರಿಗಳ ಕಡೆಯ ವಾಚಕರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಇತರರಿಗಾಗಿ ಹೇಳುವುದಾದರೆ, ಗಿಡದಲ್ಲಿಯೇ ಹಣ್ಣಾಗಿ ಕೆಂಪೇರಿದ, ಇನ್ನೂ ಒಣಗದ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಉಪ್ಪು, ಬೆಳ್ಳುಳ್ಳಿ, ಮೆಂತ್ಯದ ಪುಡಿ, ನಿಂಬೆಯ ರಸ ಇವುಗಳೊಡನೆ ಅರೆದು, ಭರಣಿಯಲ್ಲಿ ತುಂಬಿ, ಕೆಲವು ದಿನ ಕಳಿಯಲು ಬಿಟ್ಟರೆ ಸಿದ್ಧವಾಗುವ ವ್ಯಂಜನವಿದು. ಜೋಳದ ರೊಟ್ಟಿಯ ಅಂಚಿಗೆ ಒಂದಿಷ್ಟು ಹಚ್ಚಿಕೊಂಡು, ಮೇಲೆ ಬೆಣ್ಣೆಯನ್ನೋ ಕೆನೆಮೊಸರನ್ನೋ ಹಾಕಿಕೊಂಡು ತಿನ್ನುವುದು ವಾಡಿಕೆ. ರಂಜಕವೆಂದರೆ ಬಣ್ಣ ಕೊಡುವುದು, ಸಂತೋಷ ಕೊಡುವುದು ಎಂಬ ಅರ್ಥವಿದೆ. ಹಿಂದಿನ ಕಾಲದ ಬಂದೂಕಿನ ಕಿವಿಗೆ ಹಾಕುತ್ತಿದ್ದ ಮದ್ದಿಗೂ ರಂಜಕವೆಂದೇ ಹೆಸರು. ಈ ಎರಡರಲ್ಲಿ ಯಾವ ಅರ್ಥ ಭರಣಿಯಲ್ಲಿರುವ ಪದಾರ್ಥಕ್ಕೆ ಹೆಚ್ಚು ಒಪ್ಪುತ್ತದೆಂಬುದು ತಿನ್ನುವವರ ನಾಲಿಗೆಯನ್ನು ಅವಲಂಬಿಸಿದೆ.

ನಮ್ಮ ತಾಯಿಯವರು ಹಾವೇರಿಯ ಕಡೆಯವರು. ನನ್ನ ಹೆಂಡತಿಯ ತವರು ಮೈಸೂರು. ತಾಯಿಯವರು ಊರು ಬಿಟ್ಟು ಮೈಸೂರಿನಲ್ಲಿ ನಮ್ಮೊಡನೆ ಇರಲು ಬಂದ ವರ್ಷ, ಬ್ಯಾಡಗಿಯ ಹಣ್ಣುಮೆಣಸಿನಕಾಯಿ ತರಿಸಿ ರಂಜಕ ಹಾಕಿದರು. ಮೊದಲ ದಿನ ಹೆಂಡತಿಯು ಅದನ್ನು ಗೊಜ್ಜಿನಂತೆ ಧಾರಾಳವಾಗಿ ಬಡಿಸಿಕೊಂಡು ಒಂದು ತುತ್ತು ಬಾಯಿಗಿಟ್ಟವಳೇ ಎದ್ದು ನೀರಿನ ಹೂಜಿಯತ್ತ ಓಡಿದಳು. ಕಣ್ಣಲ್ಲಿ ನೀರು, ಮೂಗಿನಲ್ಲಿ ನೀರು. ತಾಯಿಯವರು ಅದೇ ಭರಣಿಯಿಂದ ಬೆರಳಿನಿಂದ ತೆಗೆದು ನಾಲಿಗೆಯ ಮೇಲಿಟ್ಟುಕೊಂಡು, “ಇದಕ್ಕ ಖಾರ ಅಂತಾರೇನ್ ತಂಗಿ? ಬರೇ ಬಣ್ಣ ಐತಿ. ಗುಂಟೂರ ಕಾಯಿ ನಾಕು ಹಾಕಬೇಕಿತ್ತು” ಎಂದರು. “ಅಯ್ಯೋ ಅತ್ತೆ, ಇನ್ನೂ ನಾಲ್ಕೇ?” ಎಂದಳು ಹೆಂಡತಿ, ಕೆಮ್ಮಿನ ನಡುವೆ.

ನಾನು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವನು. ಒಂದೇ ಪಾತ್ರೆಯ ನೀರಿನಲ್ಲಿ ಅದ್ದಿದ ಎರಡು ಉಷ್ಣಮಾಪಕಗಳು ಬೇರೆ ಬೇರೆ ಅಂಕಿಗಳನ್ನು ತೋರಿಸಿದರೆ, ಅವುಗಳಲ್ಲಿ ಒಂದಾದರೂ ಕೆಟ್ಟಿದೆಯೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇನೆ. ಹಾಗಾದರೆ ಒಂದೇ ಭರಣಿಯ ರಂಜಕವನ್ನು ತಿಂದ ಈ ಎರಡು ನಾಲಿಗೆಗಳಲ್ಲಿ ಕೆಟ್ಟಿರುವುದು ಯಾವುದು? ಈ ಪ್ರಶ್ನೆ ಕೇವಲ ವಿನೋದದ್ದಾಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆ ಭರಣಿಯು ಸುಮಾರು ಇಪ್ಪತ್ತು ವರ್ಷಗಳ ಕಾಲ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಅದು ಹೊರಬಿದ್ದುದಕ್ಕೂ ಮತ್ತೆ ಒಳಬಂದುದಕ್ಕೂ ಕಾರಣವುಂಟು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಅಳತೆಯ ವಿಷಯ.

ಖಾರವನ್ನು ಅಳೆಯಲು ಮೊದಲು ಕ್ರಮಬದ್ಧವಾಗಿ ಯತ್ನಿಸಿದವನು ವಿಲ್ಬರ್ ಸ್ಕೊವಿಲ್ ಎಂಬ ಅಮೆರಿಕದ ಔಷಧಶಾಸ್ತ್ರಜ್ಞ. ಅವನು ಪಾರ್ಕ್-ಡೇವಿಸ್ ಎಂಬ ಔಷಧ ತಯಾರಿಸುವ ಕಂಪನಿಯಲ್ಲಿದ್ದನು. ಔಷಧಗಳಲ್ಲಿ ಬಳಸುವ ಮೆಣಸಿನಕಾಯಿಯ ಸಾರವು ಒಂದು ಸಲ ತೀಕ್ಷ್ಣವಾಗಿ, ಇನ್ನೊಂದು ಸಲ ಸಪ್ಪೆಯಾಗಿ ಬಂದರೆ ಕಂಪನಿಗೆ ಕಷ್ಟವಷ್ಟೆ. 1912ರಲ್ಲಿ ಅವನು ಪ್ರಕಟಿಸಿದ ವಿಧಾನ ಬಹು ಸರಳವಾದುದು. ತೂಕ ಮಾಡಿದ ಮೆಣಸಿನಕಾಯಿಯ ಪುಡಿಯನ್ನು ರಾತ್ರಿಯೆಲ್ಲ ಮದ್ಯಸಾರದಲ್ಲಿ ನೆನೆಹಾಕಿ ಸೋಸಬೇಕು. ಹಾಗೆ ಬಂದ ಸಾರವನ್ನು ಸಕ್ಕರೆಯ ನೀರಿನಲ್ಲಿ ಸ್ವಲ್ಪಸ್ವಲ್ಪವಾಗಿ ತೆಳುಮಾಡುತ್ತ ಹೋಗಿ, ಪರೀಕ್ಷಕರ ನಾಲಿಗೆಗೆ ಖಾರವು ಇನ್ನೇನು ತಿಳಿಯದೆ ಹೋಗುತ್ತದೆ ಎಂಬ ಹಂತದಲ್ಲಿ ನಿಲ್ಲಿಸಬೇಕು. ಎಷ್ಟು ಪಟ್ಟು ತೆಳುಮಾಡಬೇಕಾಯಿತೋ ಅದೇ ಆ ಮೆಣಸಿನಕಾಯಿಯ ಅಂಕಿ. ಜಪಾನಿನ ಮೆಣಸಿನಕಾಯಿಗೆ 20,000ದಿಂದ 30,000, ಪೂರ್ವ ಆಫ್ರಿಕದ ಮೊಂಬಾಸದ ಕಾಯಿಗೆ 50,000ದಿಂದ 1,00,000 ಎಂದು ಸ್ಕೊವಿಲ್ ಬರೆದನು. ಇಂದು ಅಂಗಡಿಗಳಲ್ಲಿ ಮಾರುವ ಖಾರದ ಸಾಸುಗಳ ಶೀಷೆಯ ಮೇಲೆ ಕಾಣುವ ದೊಡ್ಡ ದೊಡ್ಡ ಅಂಕಿಗಳಿಗೆ ಅವನ ಹೆಸರೇ ಇದೆ.

ಭೌತವಿಜ್ಞಾನಿಯ ಕಣ್ಣಿಗೆ ಈ ಮಾನದಲ್ಲಿ ಒಂದು ದೊಡ್ಡ ಕೊರತೆ ತಟ್ಟನೆ ಕಾಣುತ್ತದೆ. ಇಲ್ಲಿ ಅಳತೆಗೋಲಾಗಿರುವುದು ಮನುಷ್ಯನ ನಾಲಿಗೆ. ಮೀಟರಿನ ಕೋಲು ಮೈಸೂರಿನಲ್ಲಿ ಒಂದು ಉದ್ದ, ಹಾವೇರಿಯಲ್ಲಿ ಇನ್ನೊಂದು ಉದ್ದವಾಗಿದ್ದರೆ ಏನು ಗತಿ? ಅಷ್ಟೇ ಅಲ್ಲ, ಈ ಕೋಲು ಅಳೆಯುತ್ತಿದ್ದಂತೆಯೇ ಬದಲಾಗುತ್ತದೆ. ಮೂರನೆಯ ಗುಟುಕಿಗೆ ನಾಲಿಗೆ ಮರಗಟ್ಟಿ, ನಾಲ್ಕನೆಯದರ ತೀರ್ಪು ನಂಬಲಾಗದಂತಾಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿ. ಎಸ್. ಗೋವಿಂದರಾಜನ್ ಅವರು ಮೆಣಸಿನಕಾಯಿಯ ರಸಾಯನ ಮತ್ತು ಗುಣಮಟ್ಟಗಳನ್ನು ಕುರಿತು 1980ರ ದಶಕದಲ್ಲಿ ಬರೆದ ದೀರ್ಘ ಸಮೀಕ್ಷೆಗಳು ಈ ಕ್ಷೇತ್ರದಲ್ಲಿ ಪ್ರಸಿದ್ಧವಾಗಿವೆ. ಈಗ ನಾಲಿಗೆಯ ಸ್ಥಾನವನ್ನು ಯಂತ್ರ ವಹಿಸಿಕೊಂಡಿದೆ. ಮೆಣಸಿನಕಾಯಿಯ ಸಾರವನ್ನು ಹೆಚ್ಚಿನ ಒತ್ತಡದಲ್ಲಿ ಸಣ್ಣ ಕಣಗಳು ತುಂಬಿದ ಕೊಳವೆಯೊಳಗೆ ಹಾಯಿಸಿದರೆ ಅದರ ಘಟಕಗಳು ಒಂದೊಂದಾಗಿ ಬೇರ್ಪಟ್ಟು ಹೊರಬರುತ್ತವೆ. ಇದಕ್ಕೆ ದ್ರವ ಕ್ರೊಮೆಟೋಗ್ರಫಿಯೆಂದು ಹೆಸರು. ಖಾರದ ಘಟಕದ ಪ್ರಮಾಣವನ್ನು ಹೀಗೆ ನಿರ್ಧರಿಸಿ, ಅನಂತರ ಗುಣಾಕಾರದಿಂದ ಸ್ಕೊವಿಲ್ಲನ ಅಂಕಿಗೆ ಪರಿವರ್ತಿಸುತ್ತಾರೆ.

ಆ ಖಾರದ ಘಟಕವೇ ಕ್ಯಾಪ್ಸೈಸಿನ್. 1876ರಲ್ಲಿ ಜಾನ್ ಥ್ರೆಷ್ ಎಂಬ ಇಂಗ್ಲಿಷ್ ರಸಾಯನಜ್ಞನು ಇದಕ್ಕೆ ಈ ಹೆಸರಿಟ್ಟನು. ಹದಿನೆಂಟು ಇಂಗಾಲ, ಇಪ್ಪತ್ತೇಳು ಜಲಜನಕ, ಒಂದು ಸಾರಜನಕ, ಮೂರು ಆಮ್ಲಜನಕ ಪರಮಾಣುಗಳು ಸೇರಿ ಇದರ ಒಂದು ಅಣು. ಶುದ್ಧ ಕ್ಯಾಪ್ಸೈಸಿನ್ನಿನ ಅಂಕಿ ಸುಮಾರು 1,60,00,000. ಎಂದರೆ ಒಂದು ಗ್ರಾಮ್ ಪುಡಿಯನ್ನು ಹದಿನಾರು ಸಾವಿರ ಲೀಟರು ನೀರಿಗೆ ಬೆರೆಸಿದರೂ ಖಾರ ತಿಳಿದೀತು. ಬೇಸಗೆಯಲ್ಲಿ ನಮ್ಮ ಬಡಾವಣೆಗಳಿಗೆ ಬರುವ, ಎಂಟು ಸಾವಿರ ಲೀಟರು ಹಿಡಿಯುವ ಎರಡು ಟ್ಯಾಂಕರುಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಇದು ಇರುವುದು ಮೆಣಸಿನಕಾಯಿಯ ಬೀಜದಲ್ಲಿ ಎಂದು ಜನ ನಂಬಿದ್ದಾರೆ, ಅದು ಸರಿಯಲ್ಲ. ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ ಇದು ತಯಾರಾಗುತ್ತದೆ. ಅದರ ಸಂಗದಿಂದ ಬೀಜಕ್ಕೆ ಖಾರ ಅಂಟುತ್ತದೆ, ಅಷ್ಟೆ.

ಸ್ಕೊವಿಲ್ಲನ ಪ್ರಯೋಗದ ಒಂದು ಅಣಕವನ್ನು ನಾನು ಮನೆಯಲ್ಲಿಯೇ ಮಾಡಿನೋಡಿದೆನು. ಪ್ರಯೋಗಶಾಲೆಯ ಮದ್ಯಸಾರ ಬಾಯಿಗೆ ಹಾಕತಕ್ಕದ್ದಲ್ಲವಾದ್ದರಿಂದ, ಒಂದು ಚಮಚ ರಂಜಕವನ್ನು ಬೆಚ್ಚನೆಯ ಸಕ್ಕರೆಯ ನೀರಿನಲ್ಲಿ ಕದಡಿ ಸೋಸಿದೆನು. ಅದನ್ನು ಅರ್ಧ, ಅರ್ಧದ ಅರ್ಧ ಎಂದು ತೆಳುಮಾಡುತ್ತ ಹತ್ತು ಲೋಟಗಳಲ್ಲಿ ಸಾಲಾಗಿ ಇಟ್ಟು, ಬೇರೊಂದು ಕೋಣೆಯಲ್ಲಿ ಕುಳಿತ ಅತ್ತೆ ಸೊಸೆಯರಿಗೆ ಅತಿ ತೆಳುವಾದುದರಿಂದ ಆರಂಭಿಸಿ ಒಂದೊಂದನ್ನೇ ಕೊಟ್ಟೆನು. ನಡುನಡುವೆ ಬರಿಯ ಸಕ್ಕರೆ ನೀರಿನ ಲೋಟವನ್ನೂ ಮೋಸಕ್ಕಾಗಿ ಸೇರಿಸಿದೆನು. ಹೆಂಡತಿಯು ಎರಡನೆಯ ಲೋಟಕ್ಕೇ ಖಾರವೆಂದಳು. ತಾಯಿಯವರು ಐದನೆಯದನ್ನು ಕುಡಿದು, ಸ್ವಲ್ಪ ಹೊತ್ತು ಯೋಚಿಸಿ, “ಈಗ ಏನೋ ಚುರುಕ್ ಅಂತೈತಿ ನೋಡಪಾ” ಎಂದರು. ಮೂರು ಹೆಜ್ಜೆಗಳ ಅಂತರವೆಂದರೆ ಎಂಟು ಪಟ್ಟು. ಇಬ್ಬರ ಮೇಲೆ ಒಂದು ಸಂಜೆ ಮಾಡಿದ ಪರೀಕ್ಷೆಯಿಂದ ಯಾವ ನಿಯಮವೂ ಹೊರಡದೆಂಬುದನ್ನು ನಾನು ಬಲ್ಲೆ. ಆದರೂ ಆ ಸಂಜೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಹೆಂಡತಿಯು ನೀರಿಗೆ ಓಡಿದ್ದು ನಾಟಕವಾಗಿರಲಿಲ್ಲ. ತಾಯಿಯವರು ನಕ್ಕದ್ದು ಜಂಬವೂ ಆಗಿರಲಿಲ್ಲ. ಒಂದೇ ಭರಣಿಯಿಂದ ಅವರಿಬ್ಬರೂ ಎರಡು ಬೇರೆ ಪದಾರ್ಥಗಳನ್ನೇ ತಿಂದಿದ್ದರೆಂದು ಹೇಳಬಹುದು.

ಇದೇಕೆ ಹೀಗೆ? ಖಾರವೆಂಬುದು ಏನೆಂದು ತಿಳಿಯದೆ ಇದಕ್ಕೆ ಉತ್ತರ ಸಿಕ್ಕದು. ನಮ್ಮ ಹಿರಿಯರು ಷಡ್ರಸಗಳಲ್ಲಿ ಖಾರವನ್ನೂ ಎಣಿಸಿದರು. ಶರೀರಶಾಸ್ತ್ರದ ಪ್ರಕಾರ ಅದು ರುಚಿಯಲ್ಲ. ಸಿಹಿ, ಹುಳಿ, ಉಪ್ಪು, ಕಹಿಗಳನ್ನು ನಾಲಿಗೆಯ ರುಚಿಮೊಗ್ಗುಗಳು ಗುರುತಿಸುತ್ತವೆ. ಖಾರವನ್ನು ಗುರುತಿಸುವುದು ಬಿಸಿಯನ್ನೂ ನೋವನ್ನೂ ತಿಳಿಸುವ ನರತಂತುಗಳು. ಆದ್ದರಿಂದಲೇ ರುಚಿಮೊಗ್ಗುಗಳಿಲ್ಲದ ಕಣ್ಣಿಗೂ ಗಾಯಕ್ಕೂ ಮೆಣಸಿನಕಾಯಿ ಉರಿಯುತ್ತದೆ. ಮೆಣಸಿನಕಾಯಿ ಹೆಚ್ಚಿದ ಕೈಯಿಂದ ಕಣ್ಣುಜ್ಜಿಕೊಂಡವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

1997ರಲ್ಲಿ ಕ್ಯಾಲಿಫೋರ್ನಿಯದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು ಈ ರಹಸ್ಯದ ಬೀಗವನ್ನು ತೆಗೆದರು. ನೋವಿನ ನರಕೋಶಗಳಲ್ಲಿ ಕೆಲಸಮಾಡುವ ಜೀನುಗಳನ್ನು ಅವರು ಸಂಗ್ರಹಿಸಿ, ಕ್ಯಾಪ್ಸೈಸಿನ್ನಿಗೆ ಏನೂ ಪ್ರತಿಕ್ರಿಯೆ ತೋರದ ಬೇರೆ ಜೀವಕೋಶಗಳೊಳಗೆ ಸೇರಿಸಿದರು. ಯಾವ ಜೀನು ಸೇರಿದಾಗ ಆ ಮೊದ್ದು ಕೋಶಗಳು ಖಾರಕ್ಕೆ ಎಚ್ಚರಗೊಂಡವೋ ಅದೇ ಅವರು ಹುಡುಕುತ್ತಿದ್ದ ಜೀನು. ಅದು ತಯಾರಿಸುವ ಪ್ರೋಟೀನಿಗೆ ಇಂದು ಟಿ.ಆರ್.ಪಿ.ವಿ. 1 ಎಂದು ಹೆಸರು. ಅದು ನರಕೋಶದ ಪೊರೆಯಲ್ಲಿರುವ ಒಂದು ಬಾಗಿಲು. ಬಾಗಿಲು ತೆರೆದಾಗ ಕ್ಯಾಲ್ಸಿಯಂ, ಸೋಡಿಯಂಗಳ ವಿದ್ಯುದಾವಿಷ್ಟ ಕಣಗಳು ಒಳಗೆ ನುಗ್ಗುತ್ತವೆ, ಮಿದುಳಿಗೆ ವಿದ್ಯುತ್ಸಂಕೇತ ಹೋಗುತ್ತದೆ. ಸ್ವಾರಸ್ಯವಿರುವುದು ಮುಂದೆ. ಇದೇ ಬಾಗಿಲು ಯಾವ ಮೆಣಸಿನಕಾಯಿಯೂ ಇಲ್ಲದೆ, ಉಷ್ಣತೆಯು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ತಾನಾಗಿ ತೆರೆಯುತ್ತದೆ! ಅದು ಹುಟ್ಟಿಕೊಂಡಿರುವುದೇ ಸುಡುವ ಬಿಸಿಯಿಂದ ದೇಹವನ್ನು ಎಚ್ಚರಿಸಲು. ಈ ಶೋಧನೆಗಾಗಿ ಜೂಲಿಯಸ್ ಅವರಿಗೆ 2021ರಲ್ಲಿ, ಸ್ಪರ್ಶಜ್ಞಾನದ ಬಾಗಿಲುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಅವರೊಡನೆ, ನೊಬೆಲ್ ಪಾರಿತೋಷಿಕ ದೊರೆಯಿತು.

ಕ್ಯಾಪ್ಸೈಸಿನ್ ಮಾಡುವ ಮೋಸವೆಂದರೆ, ಆ 43 ಡಿಗ್ರಿಯ ಗೆರೆಯನ್ನು ಕೆಳಕ್ಕೆ ಇಳಿಸುವುದು. ಆಗ ಬಾಯೊಳಗಿನ ಸಹಜವಾದ ಬಿಸುಪೇ ಬೆಂಕಿಯಂತೆ ತೋರುತ್ತದೆ. ಉಷ್ಣಮಾಪಕವನ್ನು ಬಾಯಲ್ಲಿಟ್ಟರೆ ಸುಡುವ ಉಷ್ಣತೆಯೇನೂ ಅಲ್ಲಿ ಕಾಣದು. ಕೆಟ್ಟಿರುವುದು ಪಾತ್ರೆಯ ನೀರಲ್ಲ, ಮಾಪಕದ ಗೆರೆ. ಆದರೆ ಮಿದುಳು ಆ ಮಾಪಕವನ್ನೇ ನಂಬಿ, ಬೆವರು ಸುರಿಸಿ, ಇಲ್ಲದ ಬೆಂಕಿಯನ್ನು ಆರಿಸಲು ಹೊರಡುತ್ತದೆ. ಕುದಿಯುವ ಸಾರಿನಲ್ಲಿ ಅದೇ ಖಾರ ಇಮ್ಮಡಿಯಾಗಿ, ತಣ್ಣನೆಯ ಮೊಸರನ್ನದೊಡನೆ ಮೆತ್ತಗಾಗಿ ತೋರುವುದು ಈ ಕಾರಣದಿಂದಲೇ.

ಹೆಂಡತಿಯು ನೀರಿಗೆ ಓಡಿದ್ದು ತಪ್ಪಾಯಿತು. ಕ್ಯಾಪ್ಸೈಸಿನ್ ಅಣುವಿಗೆ ಎಣ್ಣೆಯಂಥ ಉದ್ದನೆಯ ಬಾಲವಿರುವುದರಿಂದ ನೀರಿನಲ್ಲಿ ಅದು ಬಹುಮಟ್ಟಿಗೆ ಕರಗುವುದಿಲ್ಲ. ನೀರಿನ ತಂಪು ಇರುವಷ್ಟು ಹೊತ್ತು ಹಿತವೆನಿಸಿ, ಗುಟುಕು ಇಳಿದೊಡನೆ ಉರಿ ಮರಳುತ್ತದೆ. ಹಾಲು, ಮಜ್ಜಿಗೆಗಳು ಒಳ್ಳೆಯವು. ಅವುಗಳ ಕೊಬ್ಬಿನಿಂದಲೇ ಹೀಗಾಗುತ್ತದೆಂದು ಬಹುಕಾಲ ಹೇಳುತ್ತಿದ್ದರು. ಆದರೆ 2019ರಲ್ಲಿ ಪೆನ್ಸಿಲ್ವೇನಿಯದಲ್ಲಿ ಮಾಡಿದ ಪರೀಕ್ಷೆಯಲ್ಲಿ ಕೆನೆ ತೆಗೆದ ಹಾಲೂ ಕೆನೆಹಾಲಿನಷ್ಟೇ ಪರಿಣಾಮಕಾರಿಯಾಗಿ ಕಂಡಿತು. ಹಾಲಿನ ಕೇಸೀನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದುಕೊಳ್ಳುತ್ತದೆಂದು ತೋರುತ್ತದೆ. ಸಿಹಿಯೂ ಉರಿಯನ್ನು ಸ್ವಲ್ಪ ತಗ್ಗಿಸುತ್ತದೆ. ರಂಜಕದ ಮೇಲೆ ಕೆನೆಮೊಸರು ಹಾಕಿಕೊಳ್ಳುವ ರೂಢಿಯನ್ನು ಮಾಡಿದವರು ಈ ಪ್ರೋಟೀನಿನ ಹೆಸರನ್ನು ಕೇಳಿದವರಲ್ಲ.

ಎಲ್ಲ ಖಾರಗಳೂ ಒಂದೇ ಬಗೆಯವಲ್ಲವೆಂಬುದನ್ನು ಊಟದಲ್ಲಿ ನಾಲಿಗೆ ಚುರುಕಾಗಿರುವವರೆಲ್ಲ ಬಲ್ಲರು. ಕರಿಮೆಣಸಿನ ಖಾರಕ್ಕೆ ಕಾರಣ ಪೈಪರೀನ್. ಅದು ಕ್ಯಾಪ್ಸೈಸಿನ್ ತೆರೆಯುವ ಬಾಗಿಲನ್ನೇ ತಟ್ಟುತ್ತದೆ, ಆದರೆ ಅದರ ತೀಕ್ಷ್ಣತೆ ನೂರರಲ್ಲೊಂದು ಪಾಲಿನಷ್ಟು. ಅದನ್ನು 1819ರಲ್ಲಿ ಬೇರ್ಪಡಿಸಿದವನು ಯಾರೆಂದು ಬಲ್ಲಿರಾ? ವಿದ್ಯುತ್ಪ್ರವಾಹದ ಬಳಿ ದಿಕ್ಸೂಚಿಯ ಮುಳ್ಳು ಅಲುಗುವುದನ್ನು 1820ರಲ್ಲಿ ಕಂಡ ಅದೇ ಡೆನ್ಮಾರ್ಕಿನ ಆರ್ಸ್ಟೆಡ್! ನಮ್ಮ ಪಠ್ಯಪುಸ್ತಕಗಳು ಅವನ ಮುಳ್ಳನ್ನು ಹೇಳುತ್ತವೆ, ಮೆಣಸನ್ನು ಮರೆಯುತ್ತವೆ. ಸಾಸಿವೆಯ ಖಾರ ಬೇರೆ ಬಾಗಿಲಿನದು. ಅದರ ದ್ರವ್ಯವು ಸುಲಭವಾಗಿ ಆವಿಯಾಗುವುದರಿಂದ ಮೂಗಿಗೆ ಏರಿ, ಕ್ಷಣಕಾಲ ನೆತ್ತಿಯನ್ನು ಹಿಡಿದು ಬಿಟ್ಟುಬಿಡುತ್ತದೆ. ಇನ್ನು ಕೊಂಕಣಿಗರು ಮೀನಿನ ಸಾರಿಗೆ ಹಾಕುವ ತೆಪ್ಪಲ, ಕನ್ನಡದಲ್ಲಿ ಜುಮ್ಮನಕಾಯಿ. ಅದು ಚೀನದ ಸಿಚುವಾನ್ ಪ್ರಾಂತದ ಮೆಣಸಿಗೆ ದಾಯಾದಿ. ಇವು ಉರಿಸುವುದಿಲ್ಲ, ತುಟಿಯನ್ನು ಜುಮ್ಮೆನ್ನಿಸುತ್ತವೆ. 2013ರಲ್ಲಿ ಲಂಡನ್ನಿನ ಸಂಶೋಧಕರು ಸಿಚುವಾನ್ ಮೆಣಸನ್ನು ತುಟಿಗೆ ಹಚ್ಚಿ, ಆ ಜುಮ್ಮನ್ನು ಬೆರಳಿಗೆ ಕೊಟ್ಟ ಯಾಂತ್ರಿಕ ಕಂಪನದೊಡನೆ ಹೋಲಿಸಲು ಹೇಳಿದಾಗ, ಅದು ಸೆಕೆಂಡಿಗೆ ಸುಮಾರು 50 ಕಂಪನಗಳಿಗೆ ಸರಿಹೊಂದಿತು. ನಮ್ಮ ಮನೆಗಳ ವಿದ್ಯುತ್ತಿನ ಆವರ್ತಾಂಕವೂ ಅಷ್ಟೇ. ಇದು ಕೇವಲ ಆಕಸ್ಮಿಕ, ಆದರೂ ತರಗತಿಯಲ್ಲಿ ಹೇಳಲು ಬಹಳ ಅನುಕೂಲ.

ಮೆಣಸಿನಗಿಡ ಈ ದ್ರವ್ಯವನ್ನು ತಯಾರಿಸುವುದೇಕೆ? ನಮಗಾಗಿಯಂತೂ ಅಲ್ಲ. ಹಕ್ಕಿಗಳಲ್ಲಿಯೂ ಇದೇ ಬಗೆಯ ಬಾಗಿಲಿದೆ, ಆದರೆ ಕ್ಯಾಪ್ಸೈಸಿನ್ ಅದನ್ನು ತೆರೆಯಲಾರದು. ಗಿಳಿಯೊಂದು ಸೂಜಿಮೆಣಸನ್ನು ದ್ರಾಕ್ಷಿಯಂತೆ ತಿನ್ನುವುದನ್ನು ನೀವು ನೋಡಿರಬಹುದು. ಹಕ್ಕಿಯ ಹೊಟ್ಟೆಯನ್ನು ಹಾದುಬಂದ ಬೀಜ ಮೊಳೆಯುತ್ತದೆ, ಇಲಿಯ ಹಲ್ಲಿಗೆ ಸಿಕ್ಕ ಬೀಜ ನಾಶವಾಗುತ್ತದೆ. 2001ರಲ್ಲಿ ಅಮೆರಿಕದ ಟ್ಯೂಕ್ಸ್‌ಬರಿ ಮತ್ತು ನಭಾನ್ ಎಂಬವರು ಕಾಡುಮೆಣಸಿನ ಗಿಡಗಳ ಮೇಲೆ ಇದನ್ನು ತೋರಿಸಿಕೊಟ್ಟರು. ಇಲಿಗೆ ಬೇಲಿ, ಹಕ್ಕಿಗೆ ಹಾದಿ, ಇದು ಗಿಡದ ಏರ್ಪಾಡು. ಆ ಬೇಲಿಯನ್ನು ಬೇಕೆಂದೇ ಹಾರಿ ಒಳಗೆ ಬಂದ ಪ್ರಾಣಿಯೆಂದರೆ ಮನುಷ್ಯ.

1970ರ ದಶಕದಲ್ಲಿ ಪಾಲ್ ರೋಜಿನ್ ಎಂಬ ಮನಶ್ಶಾಸ್ತ್ರಜ್ಞರು ಮೆಕ್ಸಿಕೊ ದೇಶದ ಹಳ್ಳಿಯೊಂದಕ್ಕೆ ಹೋಗಿ ಇದನ್ನು ವಿಚಾರಿಸಿದರು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ತರುವ ಮುನ್ನ ಅದು ನಮ್ಮ ದೇಶದಲ್ಲಿ ಇರಲಿಲ್ಲ. ಕರಿಮೆಣಸಿನ ಹೆಸರಿಗೇ ‘ಕಾಯಿ’ ಸೇರಿಸಿ ನಾವು ಅದನ್ನು ನಮ್ಮದಾಗಿಸಿಕೊಂಡೆವು. ಆ ಹಳ್ಳಿಯಲ್ಲಿ ಹಂದಿ ನಾಯಿಗಳು ದಿನವೂ ಖಾರ ಬೆರೆತ ಎಂಜಲನ್ನೇ ತಿಂದು ಬೆಳೆದಿದ್ದವು. ಆದರೂ ಖಾರದ ತುತ್ತು, ಸಪ್ಪೆಯ ತುತ್ತುಗಳನ್ನು ಎದುರಿಗಿಟ್ಟರೆ ಅವು ಸಪ್ಪೆಯದನ್ನೇ ಆರಿಸಿದವು. ಹಳ್ಳಿಯ ಮಕ್ಕಳಾದರೋ ಯಾರ ಬಲವಂತವೂ ಇಲ್ಲದೆ, ಹಿರಿಯರು ತಿನ್ನುವುದನ್ನು ನೋಡಿ ನೋಡಿ, ಐದಾರು ವರ್ಷದ ಹೊತ್ತಿಗೆ ತಾವೇ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಖಾರಪ್ರಿಯರಲ್ಲಿ ಅನೇಕರು ತಮಗೆ ಅತಿ ಹಿತವೆಂದು ಸೂಚಿಸುವ ಮಟ್ಟವು, ತಡೆಯಲಾರದ ಮಟ್ಟಕ್ಕೆ ಒಂದೇ ಮೆಟ್ಟಿಲು ಕೆಳಗಿರುತ್ತದೆ ಎಂಬುದನ್ನೂ ರೋಜಿನ್ ಗಮನಿಸಿದರು. ದೇಹವು ಅಪಾಯವೆಂದು ಕೂಗುತ್ತಿದೆ, ಅಪಾಯವಿಲ್ಲವೆಂದು ಮನಸ್ಸಿಗೆ ಗೊತ್ತಿದೆ. ಜಾತ್ರೆಯ ತೊಟ್ಟಿಲಲ್ಲಿ ಕುಳಿತು ಕಿರುಚುವವರ ಸುಖ ಇಂಥದೇ ಎಂದು ಅವರ ಅಭಿಪ್ರಾಯ.

ರೂಢಿಯೊಂದೇ ಕಾರಣವೆ? ಅಲ್ಲ. ಫಿನ್ಲೆಂಡಿನಲ್ಲಿ ಅವಳಿಗಳ ಮೇಲೆ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಖಾರ ಹಿತವೋ ಅಹಿತವೋ ಎಂಬುದರಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ 18ರಿಂದ 58 ಪ್ರತಿಶತ ಭಾಗ ವಂಶವಾಹಿಗಳಿಗೆ ಸಂಬಂಧಿಸಿದ್ದು. ಉಳಿದುದು ಬೆಳೆದ ಮನೆ, ಊರು, ಅಭ್ಯಾಸಗಳಿಗೆ ಸೇರಿದ್ದು. ಅಭ್ಯಾಸವು ಮನಸ್ಸನ್ನಷ್ಟೇ ಅಲ್ಲ, ನರವನ್ನೂ ಬದಲಿಸುತ್ತದೆ. ಕ್ಯಾಪ್ಸೈಸಿನ್ ಪದೇಪದೇ ತಟ್ಟಿದರೆ ಬಾಗಿಲು ಬೇಸತ್ತು ತೆರೆಯುವುದನ್ನು ಕಡಿಮೆಮಾಡುತ್ತದೆ. ಹಂಗೆರಿಯ ಯಾಂಚೋ ಎಂಬ ವಿಜ್ಞಾನಿ 1940ರ ದಶಕದಲ್ಲಿಯೇ ಇದನ್ನು ಕಂಡುಕೊಂಡಿದ್ದರು. ಸರ್ಪಸುತ್ತು ಗುಣವಾದ ಮೇಲೂ ಉಳಿಯುವ ನರನೋವಿಗೆ, 8 ಪ್ರತಿಶತ ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ವೈದ್ಯರು ಚರ್ಮಕ್ಕೆ ಅಂಟಿಸುವ ಚಿಕಿತ್ಸೆಗೆ 2009ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ನೋವಿನ ನರವನ್ನು ನೋವಿನಿಂದಲೇ ದಣಿಸುವ ಉಪಾಯವದು. ನಮ್ಮ ತಾಯಿಯವರ ಐದನೆಯ ಲೋಟದ ಹಿಂದೆ ಅರುವತ್ತು ವರ್ಷಗಳ ರೊಟ್ಟಿ ಇದೆ.

ಖಾರದ ವ್ಯಂಜನಗಳನ್ನು ಮೆಚ್ಚುವವರು ಖಾರವನ್ನಷ್ಟೇ ಮೆಚ್ಚುವುದಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಬ್ಯಾಡಗಿಯ ಕಾಯಿಗೆ ಜಗತ್ತಿನಲ್ಲಿ ಬೆಲೆ ಬಂದದ್ದು ಖಾರದಿಂದಲ್ಲ, ಬಣ್ಣದಿಂದ. ಸುಕ್ಕುಸುಕ್ಕಾದ ಅದರ ಸಿಪ್ಪೆಯಲ್ಲಿ ಕೆಂಪು ವರ್ಣದ್ರವ್ಯ ಹೆಚ್ಚು, ಕ್ಯಾಪ್ಸೈಸಿನ್ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ನೋಂದಣಿಯೂ ಆಯಿತು. 35,000-40,000ದ ಅಂಕಿಯ ಗುಂಟೂರು ಸಣ್ಣಂ ಇದಕ್ಕೆ ತೀರ ವಿರುದ್ಧ. ಎರಡನ್ನೂ ಬೆರೆಸುವ ಗೃಹಿಣಿಯು ಬಣ್ಣವನ್ನು ಒಂದರಿಂದ, ಉರಿಯನ್ನು ಇನ್ನೊಂದರಿಂದ ಪಡೆಯುತ್ತಾಳೆ. ನಾನು ಅಮೆರಿಕದ ಟಬಾಸ್ಕೊ ಸಾಸನ್ನೂ ತರಿಸಿ ನೋಡಿದ್ದೇನೆ. ಲೂಯಿಸಿಯಾನದ ಏವರಿ ದ್ವೀಪದಲ್ಲಿ 1868ರಿಂದ ಅದನ್ನು ಮಾಡುತ್ತ ಬಂದಿದ್ದಾರೆ. ಅರೆದ ಕೆಂಪು ಮೆಣಸಿನಕಾಯಿಗೆ ಉಪ್ಪು ಬೆರೆಸಿ, ಓಕ್ ಮರದ ಪೀಪಾಯಿಗಳಲ್ಲಿ ಮೂರು ವರ್ಷದವರೆಗೂ ಕಳಿಯಲು ಬಿಟ್ಟು, ಆಮೇಲೆ ವಿನೆಗರ್ ಸೇರಿಸುತ್ತಾರೆ. ನಮ್ಮ ರಂಜಕದ ಅಣ್ಣತಮ್ಮನೇ ಸರಿ, ಉಪ್ಪು, ಹುಳಿ, ಕಾಲ ಮೂರೂ ಇವೆ. ತಾಯಿಯವರು ಅದನ್ನು ರುಚಿನೋಡಿ “ಹುಳಿ ಚಲೋ ಐತಿ, ಬಳ್ಳೊಳ್ಳಿ ಮರ್ತಾರ” ಎಂದರು. ನನಗೂ ರಂಜಕವೇ ಮೇಲು. ಇದರಲ್ಲಿ ವಿಜ್ಞಾನವೇನೂ ಇಲ್ಲ.

ಅಂಕಿಗಳ ಪೈಪೋಟಿಯ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. 2007ರಲ್ಲಿ ನಮ್ಮ ಈಶಾನ್ಯದ ಭೂತ ಜೊಲೊಕಿಯ ಹತ್ತು ಲಕ್ಷ ದಾಟಿ ಗಿನ್ನೆಸ್ ದಾಖಲೆಗೆ ಸೇರಿತು. 2023ರಲ್ಲಿ ಅಮೆರಿಕದ ‘ಪೆಪ್ಪರ್ ಎಕ್ಸ್’ ಎಂಬ ತಳಿ 26,93,000ಕ್ಕೆ ಏರಿತು. ಇವನ್ನು ಊಟಕ್ಕೆಂದು ಯಾರೂ ಬೆಳೆಸಿದಂತೆ ತೋರುವುದಿಲ್ಲ. ಅದೇ 2023ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಹದಿನಾಲ್ಕು ವರ್ಷದ ವಿದ್ಯಾರ್ಥಿಯೊಬ್ಬನು, ಪಂಥಕ್ಕಾಗಿಯೇ ಮಾರುತ್ತಿದ್ದ ಅತಿ ಖಾರದ ಚಿಪ್ಸನ್ನು ತಿಂದು ತೀರಿಕೊಂಡನು. ಅವನಿಗೆ ಹುಟ್ಟಿನಿಂದಲೇ ಹೃದಯದ ದೋಷವಿತ್ತೆಂಬುದು ಮರಣೋತ್ತರ ಪರೀಕ್ಷೆಯಲ್ಲಿ ತಿಳಿಯಿತು. ಅದು ಅವನಿಗಾಗಲಿ, ಪಂಥ ಕಟ್ಟಿದವರಿಗಾಗಲಿ ತಿಳಿದಿರಲಿಲ್ಲ. ವಿದ್ಯಾರ್ಥಿನಿಲಯಗಳಲ್ಲಿ ಇಂಥ ಪಂಥಗಳು ನಡೆಯುವುದನ್ನು ನಾನು ಬಲ್ಲೆ. ಸೋತವನನ್ನು ಹೇಡಿಯೆಂದು ನಗುವವರು, ಅವನ ನಾಲಿಗೆಗೆ ಅದೇ ತುತ್ತು ಎಂಟು ಪಟ್ಟು ಉರಿಯುತ್ತಿರಬಹುದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ಭರಣಿಯ ಕಥೆಗೆ ಬರೋಣ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ತಂದೆಯವರಿಗೆ ಹೊಟ್ಟೆನೋವು ಆರಂಭವಾಯಿತು. ರಾತ್ರಿ ಎದ್ದು ಕುಳಿತು ನರಳುತ್ತಿದ್ದರು. ಹುಣ್ಣಾಗಿದೆ, ಖಾರ ಬಿಡಬೇಕು ಎಂದು ಊರಿನ ವೈದ್ಯರು ಹೇಳಿದರು. ಆ ಮಾತನ್ನು ಬಂಧುಗಳು ಎತ್ತಿಕೊಂಡರು. “ಮನಿಯಾಕಿ ಕೈ ಖಾರ, ಅದಕ್ಕ ಗಂಡನ ಹೊಟ್ಟಿ ಸುಟ್ಟೈತಿ” ಎಂದು ನಮ್ಮ ಜಗುಲಿಯ ಮೇಲೆಯೇ ಕುಳಿತು ಆಡಿದ್ದನ್ನು ನಾನು ಕೇಳಿದ್ದೇನೆ. ಮರುದಿನ ತಾಯಿಯವರು ಆ ವರ್ಷದ ರಂಜಕವನ್ನೆಲ್ಲ ತಿಪ್ಪೆಗೆ ಸುರಿದು, ಭರಣಿಯನ್ನು ತೊಳೆದು ಅಟ್ಟಕ್ಕೆ ಹಾಕಿದರು. ಅಂದಿನಿಂದ ಮನೆಯ ಅಡುಗೆಯೆಲ್ಲ ಸಪ್ಪೆ. ತಾವು ಮಾತ್ರ ಹಿತ್ತಿಲಿನ ಗಿಡದ ಹಸಿಮೆಣಸಿನಕಾಯಿಯನ್ನು ಕಚ್ಚಿಕೊಂಡು ಒಬ್ಬರೇ ರೊಟ್ಟಿ ತಿನ್ನುತ್ತಿದ್ದರು. ತಂದೆಯವರ ನೋವು ಸಪ್ಪೆಯ ಊಟದಿಂದ ನಿಲ್ಲಲಿಲ್ಲ. ನಾಲ್ಕು ವರ್ಷಗಳ ಮೇಲೆ ರಕ್ತಸ್ರಾವವಾಗಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಅಲ್ಲಿ ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿ, ಚೂರು ತೆಗೆದು ಪರೀಕ್ಷಿಸಿದಾಗ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಸೂಕ್ಷ್ಮಜೀವಿ ಸಿಕ್ಕಿತು. ಎರಡು ವಾರಗಳ ಮಾತ್ರೆಗಳಲ್ಲಿ ಹುಣ್ಣು ಮಾಗಿತು.

ಆಸ್ಟ್ರೇಲಿಯದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಈ ಜೀವಿಯನ್ನು 1982ರಲ್ಲಿಯೇ ಪ್ರಯೋಗಶಾಲೆಯಲ್ಲಿ ಬೆಳೆಸಿದ್ದರು. ಜಠರದ ಆಮ್ಲದಲ್ಲಿ ಜೀವಿಯೊಂದು ಬದುಕೀತೆಂದು ಯಾರೂ ನಂಬದಿದ್ದುದರಿಂದ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಿಕ ಬಂದಿತು. ಹೊಟ್ಟೆಹುಣ್ಣುಗಳಲ್ಲಿ ಬಹುಪಾಲು ಈ ಜೀವಿಯಿಂದ, ಇಲ್ಲವೆ ಕೆಲವು ನೋವಿನ ಮಾತ್ರೆಗಳ ಸೇವನೆಯಿಂದ ಆಗತಕ್ಕವು. ಮೆಣಸಿನಕಾಯಿ ಹುಣ್ಣನ್ನು ಹುಟ್ಟಿಸುವುದಿಲ್ಲ. 1995ರಲ್ಲಿ ಸಿಂಗಪುರದಲ್ಲಿ ನಡೆದ ಅಧ್ಯಯನವೊಂದರಲ್ಲಿ ಹುಣ್ಣಿನ ರೋಗಿಗಳು ಇತರರಿಗಿಂತ ಕಡಿಮೆ ಮೆಣಸಿನಕಾಯಿ ತಿನ್ನುವವರಾಗಿದ್ದರು. ನೋವಿರುವವರು ಖಾರ ಬಿಡುವುದು ಸಹಜವಾದ್ದರಿಂದ ಅದೊಂದನ್ನೇ ನಾನು ಸಾಕ್ಷಿಯಾಗಿ ಹಿಡಿಯಲಾರೆ. ಎದೆಯುರಿ, ಅಜೀರ್ಣ ಇರುವವರಿಗೆ ಖಾರದಿಂದ ಸಂಕಟ ಹೆಚ್ಚುವುದೂ ನಿಜ. ಇರುವ ಉರಿಯನ್ನು ಹೆಚ್ಚಿಸುವುದು ಬೇರೆ, ರೋಗವನ್ನು ಹುಟ್ಟಿಸುವುದು ಬೇರೆ.

ಇದನ್ನೆಲ್ಲ ನಾನು ತಾಯಿಯವರಿಗೆ ಬಿಡಿಸಿ ಹೇಳಿದ್ದು ಬಹಳ ತಡವಾಗಿ. ತಂದೆಯವರು ಬೇರೊಂದು ಕಾಯಿಲೆಯಿಂದ ತೀರಿಕೊಂಡು, ತಾಯಿಯವರು ಮೈಸೂರಿಗೆ ಬಂದ ಮೇಲೆ. ಹುಬ್ಬಳ್ಳಿಯಲ್ಲಿ ಮಾತ್ರೆ ಕೊಟ್ಟವರು ಜೀವಿಯ ಹೆಸರನ್ನು ಚೀಟಿಯಲ್ಲಿ ಬರೆದಿದ್ದರು. ಅದರ ಅರ್ಥವನ್ನು ಮನೆಯಲ್ಲಿ ಕುಳಿತು ಅವರಿಗೆ ಹೇಳಬೇಕೆಂದು ನನಗಾಗಲಿ ಯಾರಿಗಾಗಲಿ ತೋಚಿರಲಿಲ್ಲ. ನನ್ನ ಮಾತನ್ನು ಪೂರ್ತಿ ಕೇಳಿ ಅವರು, “ಹಂಗಾದ್ರ ಅದು ನನ್ನ ಕೈಯಿಂದ ಆಗಿದ್ದಲ್ಲೇನೋ ತಮ್ಮಾ?” ಎಂದು ಕೇಳಿದರು. ಅಲ್ಲ ಅವ್ವಾ ಎಂದೆ. ಅವರು ಮತ್ತೇನನ್ನೂ ಹೇಳಲಿಲ್ಲ. ಮುಂದಿನ ಸುಗ್ಗಿಗೆ ಭರಣಿಯನ್ನು ಊರಿನಿಂದ ತರಿಸಿಕೊಂಡರು.

ಈ ವರ್ಷ ಹೊಸದೊಂದು ತಕರಾರು ಬಂದಿದೆ. ತಾಯಿಯವರಿಗೆ ರಕ್ತದೊತ್ತಡ ಸ್ವಲ್ಪ ಏರಿದೆ. ರಂಜಕದಲ್ಲಿ ನಿಜವಾಗಿ ಅಂಜಬೇಕಾದದ್ದು ಮೆಣಸಿನಕಾಯಿಗಲ್ಲ, ಉಪ್ಪಿಗೆ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭರಣಿ ಕೆಡದಿರಲು ಬೇಕಾಗುವ ಉಪ್ಪೇ ಬೇರೆ ಲೆಕ್ಕದ್ದು. ಸೊಸೆಯು ಪರವಾಗಿ ನಿಂತು ಉಪ್ಪನ್ನು ಅರ್ಧಕ್ಕೆ ಇಳಿಸಿ, ನಿಂಬೆಯನ್ನು ಹೆಚ್ಚಿಸಿ, ಶೀತಕಪೆಟ್ಟಿಗೆಯಲ್ಲಿ ಇಡುವ ಏರ್ಪಾಡು ಮಾಡಿದ್ದಾಳೆ. ಅವಳೂ ಈಗ ಮೊಸರಿನೊಡನೆ ಒಂದು ಬೆರಳಿನಷ್ಟು ಹಾಕಿಕೊಳ್ಳುತ್ತಾಳೆ. ಪೆಟ್ಟಿಗೆಯಲ್ಲಿಟ್ಟದ್ದು ರಂಜಕವೇ ಅಲ್ಲವೆಂದು ತಾಯಿಯವರ ವಾದ. ಭರಣಿ ಹಾಕಿ ಇಂದಿಗೆ ಹತ್ತೊಂಬತ್ತು ದಿನ, ಇನ್ನೂ ಬೂಷ್ಟು ಹಿಡಿದಿಲ್ಲ.